ಕಾಷ್ಠವಾಣಿಜ್ಯ ಮೀಮಾಂಸೆ ಅರ್ಥಾತ್ ಸಣ್ಣ ಸೌದೆ ಡಿಪೋ ದೊಡ್ಡದಾಗುವ ಬಗೆ

1. ವಿಷಯ ಪ್ರವೇಶ

ಅರವತ್ತನಾಲ್ಕು ವಿದ್ಯೆಗಳ ಪಟ್ಟಿ ಮಾಡಿದ ಹಿರಿಯರು ಅದರಲ್ಲಿ ಬಡಗಿಯ ಕೆಲಸಕ್ಕೆ ಜಾಗ ಕೊಟ್ಟರು, ಸೌದೆ ಮಾರುವುದಕ್ಕೆ ಕೊಡಲಿಲ್ಲ. ಮರ ಬಾಗಿಲಾದರೆ ವಿದ್ಯೆ, ಬೂದಿಯಾದರೆ ಬರೀ ವ್ಯಾಪಾರ ಎಂಬ ಈ ಪಂಕ್ತಿಭೇದವನ್ನು ಸರಿಪಡಿಸುವುದೇ ಪ್ರಸ್ತುತ ಪ್ರಬಂಧದ ಪರಮೋದ್ದೇಶ.

ಅಧ್ಯಯನದ ವ್ಯಾಪ್ತಿ ಒಂದು ಡಿಪೋ. ಒಂದೇ ಏಕೆ ಎಂದು ಆಕ್ಷೇಪಿಸುವವರಿಗೆ ಉತ್ತರ: ನಮ್ಮ ತಾಲ್ಲೂಕು ಕೇಂದ್ರದಲ್ಲಿ ಇರುವುದೇ ಒಂದು. ಆದ್ದರಿಂದ ಇದು ಮಾದರಿ ಸಮೀಕ್ಷೆಯಲ್ಲ, ಪೂರ್ಣ ಗಣತಿ. ಅಧ್ಯಯನದ ವಿಧಾನ: ಕಾಟಾದ ಪಕ್ಕದ ಕೊರಡಿನ ಮೇಲೆ ಕೂತು ನೋಡುವುದು. ಡಿಪೋ ಯಜಮಾನರು ತರಿಸಿಕೊಟ್ಟ ಚಹಾವನ್ನು ಸಂಶೋಧನಾ ಅನುದಾನವೆಂದು ಭಾವಿಸಿ ಸ್ವೀಕರಿಸಲಾಗಿದೆ.

2. ದ್ರವ್ಯ ಪ್ರಕರಣ

ಡಿಪೋದಲ್ಲಿ ಯಾವ ಮರ ಇರಬೇಕೆಂದು ನಿರ್ಧರಿಸುವುದು ಯಾರು? ಒಲೆಯಲ್ಲ, ಗಿರಾಕಿಯೂ ಅಲ್ಲ. ಅದನ್ನು ನಿರ್ಧರಿಸುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ. ತನ್ನದೇ ಜಮೀನಿನ ಮರವಾದರೂ ಕಡಿಯಲು ಅನುಮತಿ ಬೇಕೆನ್ನುವ ಈ ಕಾಯ್ದೆ ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಬಳ್ಳಾರಿ ಜಾಲಿ ಮೊದಲಾದ ಕೆಲವನ್ನು ಮಾತ್ರ ಬಿಟ್ಟುಕೊಟ್ಟಿದೆ. ಡಿಪೋದ ರಾಶಿಯಲ್ಲಿ ಕಾಣುವುದೂ ಹೆಚ್ಚುಕಡಿಮೆ ಇವೇ. ಹುಣಸೆಯ ಕೆಂಡ ಬಹಳ ಹೊತ್ತು ನಿಲ್ಲುತ್ತದೆ ಎಂದು ಅಡುಗೆಯವರು ಕೊಂಡಾಡುತ್ತಾರೆ, ನಿಜ. ಆದರೆ ಹುಣಸೆಗೆ ಕಾಗದಪತ್ರ ಬೇಕು, ಜಾಲಿಗೆ ಕೊಡಲಿ ಸಾಕು. ಶಾಸ್ತ್ರದಲ್ಲಿ ಇದಕ್ಕೆ 'ಲಾಘವ ನ್ಯಾಯ' ಎಂದು ಹೆಸರು.

ನೀಲಗಿರಿಯ ವಂಶಾವಳಿ ಸ್ವಲ್ಪ ದೊಡ್ಡದು. ಈ ಆಸ್ಟ್ರೇಲಿಯಾದ ಮರವನ್ನು ನಮ್ಮ ನಾಡಿಗೆ ತಂದು ನಂದಿಬೆಟ್ಟದಲ್ಲಿ ನೆಡಿಸಿದವನು ಟಿಪ್ಪು ಸುಲ್ತಾನ್ ಎಂದು ಹೇಳುತ್ತಾರೆ. ಅಂತರ್ಜಲ ಹೀರುತ್ತದೆಂದು ಹೊಸದಾಗಿ ನೆಡುವುದನ್ನು ನಿಷೇಧಿಸಿದ್ದು ರಾಜ್ಯ ಸರ್ಕಾರ, 2017ರಲ್ಲಿ. ಆದರೆ ನೀಲಗಿರಿ ಗೆಜೆಟ್ ಓದುವುದಿಲ್ಲ. ಕಡಿದ ಬುಡದಿಂದಲೇ ಮತ್ತೆ ಚಿಗುರುತ್ತದೆ. ಯಜಮಾನರು ಸರ್ಕಾರಕ್ಕಿಂತ ಬುಡವನ್ನೇ ಹೆಚ್ಚು ನಂಬುತ್ತಾರೆ.

3. ಪೂರ್ವಪಕ್ಷ

ಇಲ್ಲಿ ಪ್ರತಿವಾದಿ ಎದ್ದು ನಿಲ್ಲುತ್ತಾನೆ: '2016ರಲ್ಲಿ ಉಜ್ವಲಾ ಯೋಜನೆ ಬಂತು, ಹಳ್ಳಿಹಳ್ಳಿಗೂ ಸಿಲಿಂಡರ್ ಹೋಯಿತು. ಇನ್ನು ಸೌದೆ ಯಾರಿಗೆ ಬೇಕು?' ಅದು ಸಾಲದೆಂದು ವಿಜ್ಞಾನಿಗಳೂ ಈ ವ್ಯಾಪಾರದ ಮೇಲೆ ಮೊದಲಿನಿಂದ ಒಂದು ಕಣ್ಣಿಟ್ಟಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹೆಸರೇ ಅಸ್ತ್ರ! ಅದು ಪ್ರಯೋಗಿಸಿದ್ದು ಅಸ್ತ್ರ ಒಲೆಯನ್ನು: ಕೆಳಗೆ ಜಾಲರಿ, ಹಿಂದೆ ಹೊಗೆಕೊಳವೆ, ಮೇಲೆ ಪಾತ್ರೆ ಕೂರುವ ಕುಣಿಗಳು. ಹೊಗೆ ಕಡಿಮೆ, ಸೌದೆಯೂ ಕಡಿಮೆ. ಗೃಹಿಣಿಯ ಕಣ್ಣುರಿ ನೀಗಲೆಂದು ಹುಟ್ಟಿದ ಈ ಒಲೆ ಸೌದೆ ವ್ಯಾಪಾರಿಯ ಹೊಟ್ಟೆಯುರಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಸಮಾಧಾನ ಹೀಗಿದೆ. ಮನೆಯೊಳಗಿನ ಒಲೆ ಹೋಗಿರಬಹುದು, ಊರಿನ ಒಲೆ ಹೋಗಿಲ್ಲ. ಬಚ್ಚಲಿನ ಹಂಡೆ, ಕಲ್ಯಾಣ ಮಂಟಪದ ಹಿಂಬದಿಯ ಕೋಡಿ ಒಲೆ, ದೊನ್ನೆ ಬಿರಿಯಾನಿಯ ಕೊಪ್ಪರಿಗೆ, ದಾವಣಗೆರೆ ಬೆಣ್ಣೆ ದೋಸೆಯ ಕಾವಲಿ, ರಾಮನಗರ ಮತ್ತು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ಬಾಣಲೆ, ಮಲೆನಾಡಿನ ಅಡಿಕೆ ಬೇಯಿಸುವ ಹಂಡೆ, ಕೊನೆಗೆ ಚಿತೆ. ಒಂದು ಚಿತೆಗೆ 300ರಿಂದ 400 ಕಿಲೋ ಬೇಕು. ಚಿತೆ ಏರುವವನೊಬ್ಬನೇ ಚೌಕಾಸಿ ಮಾಡದ ಗಿರಾಕಿ. ಅವನ ಪರವಾಗಿ ಬಂದ ಭಾವಮೈದ ಮಾಡುತ್ತಾನೆ.

4. ಆರ್ದ್ರೇಂಧನ ಪ್ರಕರಣ

ಪ್ರಬಂಧದ ಜೀವಾಳ ಇಲ್ಲಿದೆ. ಮದುವೆ ಅಡುಗೆಯ ಭಟ್ಟರೊಬ್ಬರು ಡಿಪೋಗೆ ಬಂದಾಗ ನಡೆದ ವಾಕ್ಯಾರ್ಥವನ್ನು ಯಥಾವತ್ತಾಗಿ ಕೊಡಲಾಗಿದೆ.

'ಏನ್ ಯಜಮಾನ್ರೇ, ಹೋದ್ಸಲದ ಸೌದೆ ಬರೀ ಹೊಗೆ!'

'ಬೆಂಕಿ ಅಂದ್ಮೇಲೆ ಹೊಗೆ ಇರಲ್ವಾ ಭಟ್ರೇ?'

'ಹಸಿ ಇತ್ತು ಕಣ್ರೀ.'

'ಹಸಿ ಎಲ್ಲಿ ಸ್ವಾಮಿ, ಮೊನ್ನೆ ಒಂದ್ ಹನಿ ಬಿತ್ತಲ್ಲ, ಮೇಲ್ಗಡೆ ಥಂಡಿ ಹಿಡ್ದಿರ್ಬೇಕು, ಅಷ್ಟೇ.'

ಭಟ್ಟರು ಮರುಮಾತಾಡಲಿಲ್ಲ. ರಾಶಿಯಿಂದ ಎರಡು ಸೀಳು ಎತ್ತಿಕೊಂಡು ಒಂದಕ್ಕೊಂದು ಬಡಿದರು. 'ದಬ್' ಎಂದಿತು. ಆಚೆ ಮೂಲೆಯ ಹಳೇ ಒಟ್ಟಿನಿಂದ ಬೇರೆ ಎರಡು ತೆಗೆದು ಬಡಿದರು. 'ಠಣ್' ಎಂದಿತು. ತುದಿಯ ಬಿರುಕುಗಳನ್ನು ಹೆಬ್ಬೆರಳಿನಿಂದ ಸವರಿ, ತೊಗಟೆ ಎಬ್ಬಿಸಿ ನೋಡಿ, 'ಇದನ್ನ ತೂಗಿ' ಎಂದರು.

ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಲೇಬೇಕು ಎಂಬ ಯಜಮಾನರ ವಾದವನ್ನು ತರ್ಕಸಂಗ್ರಹದ ಅನ್ನಂಭಟ್ಟರು ಶತಮಾನಗಳ ಹಿಂದೆಯೇ ಖಂಡಿಸಿದ್ದಾರೆ. ಹೊಗೆಯಿದ್ದರೆ ಬೆಂಕಿ ಖಂಡಿತ, ಆದರೆ ಬೆಂಕಿಯಿದ್ದರೆ ಹೊಗೆ ಖಂಡಿತವಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆಯ ಸಂಪರ್ಕ ಬೇಕು, ಅದೇ ಆರ್ದ್ರೇಂಧನ ಸಂಯೋಗ, ಅದೇ ಇಲ್ಲಿನ ಉಪಾಧಿ. ಎರಡು ಸೀಳು ಬಡಿದು ಈ ಉಪಾಧಿಯನ್ನು ಕಂಡುಹಿಡಿದ ಭಟ್ಟರು ತರ್ಕ ಓದಿದವರಲ್ಲ, ಸಾಂಬಾರ್ ಕುದಿಸಿದವರು.

ಈಗ ಗಣಿತ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಯಜಮಾನರು 1,000 ಕಿಲೋ ಹಸಿ ಮರ ಕೊಂಡರೆಂದರೆ 500 ಕಿಲೋ ಮರ, 500 ಕಿಲೋ ನೀರು ಕೊಂಡ ಹಾಗೆ. ಅದು ಶೇ. 20 ತೇವಕ್ಕೆ ಒಣಗುವಷ್ಟರಲ್ಲಿ ಕಾಟಾದ ಮೇಲೆ ಉಳಿಯುವುದು 625 ಕಿಲೋ. ಮಿಕ್ಕ 375 ಕಿಲೋ ರಸೀದಿ ಇಲ್ಲದೆ ಆಕಾಶಕ್ಕೆ ಹೋಯಿತು. ಆದ್ದರಿಂದ ಒಣ ಸೌದೆಯನ್ನು ಹಸಿಯ 1.6 ಪಟ್ಟು ಬೆಲೆಗೆ ಮಾರಿದರೆ ಮಾತ್ರ ಅಸಲು ಹುಟ್ಟುತ್ತದೆ.

ಗಿರಾಕಿಗೆ ಇದು ಮೋಸವೇ? ಅಲ್ಲ. ಅರ್ಧ ನೀರಿರುವ ಸೌದೆಯ ಕಿಲೋಗೆ ಒಲೆಯಲ್ಲಿ ದಕ್ಕುವ ಶಾಖ ಸುಮಾರು 1,900 ಕಿಲೋಕ್ಯಾಲೊರಿ. ಒಣಗಿದ್ದಕ್ಕೆ ಸುಮಾರು 3,400. ಹಸಿ ಸೌದೆ ಮೊದಲು ತನ್ನ ನೀರನ್ನೇ ಕಾಯಿಸಿ ಆವಿ ಮಾಡಬೇಕು, ನಿಮ್ಮ ಅನ್ನದ ಸರದಿ ಆಮೇಲೆ. ಅಂದರೆ 1.6 ಪಟ್ಟು ಕೊಟ್ಟವನಿಗೆ ಸಿಗುವುದು ಸುಮಾರು 1.8 ಪಟ್ಟು ಶಾಖ. ವ್ಯಾಪಾರಿಗೆ ನಷ್ಟವಿಲ್ಲ, ಗಿರಾಕಿಗೆ ಲಾಭ. ಆದರೂ ಊರಿನ ಗಿರಾಕಿ ಕೇಳುವ ಪ್ರಶ್ನೆ ಒಂದೇ: 'ಕಿಲೋಗೆ ಎಷ್ಟು?' ಕಾಟಾಕ್ಕೆ ತೂಕ ಗೊತ್ತು, ಶಾಖ ಗೊತ್ತಿಲ್ಲ. ಹೀಗಾಗಿ ತಾಳ್ಮೆಯಿಂದ ಒಣಗಿಸಿದವನು ದುಬಾರಿ ಎನಿಸಿಕೊಳ್ಳುತ್ತಾನೆ. ಲಾರಿಯಿಂದ ಇಳಿಸಿದ್ದನ್ನು ಹಾಗೇ ತೂಗಿದವನು ನೀರು ಮಾರಿ ನ್ಯಾಯವಂತನಾಗುತ್ತಾನೆ. ಹಾಲಿಗೆ ನೀರು ಬೆರೆಸಿದರೆ ಹಿಡಿಯುವ ಅಧಿಕಾರಿ ಇದ್ದಾನೆ. ಸೌದೆಗೆ ನೀರು ಬೆರೆಸಿದವನು ದೇವರು, ಅವನ ಮೇಲೆ ದೂರು ಕೊಡುವುದು ಕಷ್ಟ.

5. ವೃದ್ಧಿ ಪ್ರಕರಣ

ಬೆಳೆಯುವುದೆಂದರೆ ಹೆಚ್ಚು ಲಾರಿ, ಹೆಚ್ಚು ರಾಶಿ ಎಂಬುದು ಸಾಮಾನ್ಯರ ಭ್ರಮೆ. ಕನ್ನಡ ನಾಡು ಕಂಡ ಅತಿ ದೊಡ್ಡ ಸೌದೆ ಗಿರಾಕಿಗಳಲ್ಲಿ ಒಂದು 1923ರಲ್ಲಿ ಕೆಲಸ ಶುರುಮಾಡಿದ ಭದ್ರಾವತಿಯ ಕಾರ್ಖಾನೆ. ಅದರ ಮೊದಲ ಹೆಸರಿನಲ್ಲೇ ಕಬ್ಬಿಣಕ್ಕಿಂತ ಮೊದಲು ಮರ ಇತ್ತು: ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್. ಮಲೆನಾಡಿನ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಬೇಯಿಸಿ ಇದ್ದಿಲು ಮಾಡಿ, ಆ ಇದ್ದಿಲಿನಲ್ಲಿ ಅದಿರು ಕರಗಿಸುತ್ತಿದ್ದರು. ಹೊಗೆಯನ್ನೂ ಬಿಡದೆ ಹಿಡಿದು ಮರದ ಮದ್ಯಸಾರ, ಟಾರು ತೆಗೆಯುತ್ತಿದ್ದರು. ಕಾಲ ಸರಿದಂತೆ ಅಲ್ಲಿಯೂ ಇದ್ದಿಲು ಹೋಗಿ ವಿದ್ಯುತ್ ಕುಲುಮೆ ಬಂತು. ದೊಡ್ಡ ಗಿರಾಕಿಯನ್ನು ನೆಚ್ಚಿಕೊಳ್ಳಬಾರದೆಂಬ ನೀತಿಯನ್ನು ಸಣ್ಣ ಡಿಪೋಗಳು ಇದರಿಂದ ಕಲಿಯತಕ್ಕದ್ದು.

ಹಾಗಾದರೆ ಬೆಳೆಯುವುದು ಎಲ್ಲಿ? ಸೌದೆ ಒಟ್ಟುವ ಬಗೆಯಲ್ಲಿ. ಶಿವರಾತ್ರಿಗೆ ಮುಂಚೆ ಮರ ಕೊಳ್ಳಬೇಕು. ಬಂದ ವಾರದಲ್ಲೇ ಸೀಳಬೇಕು, ಏಕೆಂದರೆ ತೊಗಟೆ ನೀರನ್ನು ಹೊರಗೆ ಬಿಡುವುದಿಲ್ಲ. ಕೆಳಗೆ ಎರಡು ಸಾಲು ಕಲ್ಲಿಟ್ಟು, ನೆಲಕ್ಕೆ ತಾಗದಂತೆ, ಗಾಳಿ ನುಗ್ಗುವಂತೆ ಒಂದು ವರಸೆ ಅಡ್ಡ, ಒಂದು ವರಸೆ ಉದ್ದ ಒಟ್ಟಬೇಕು. ಮೇಲೆ ಮಾತ್ರ ತಗಡು. ಸುತ್ತ ಟಾರ್ಪಾಲು ಸುತ್ತಿದರೆ ಒಣಗುವ ಬದಲು ಬೂಷ್ಟು ಹಿಡಿಯುತ್ತದೆ. ಎರಡು ಮೂರು ತಿಂಗಳ ಬೇಸಗೆ ಬಿಸಿಲು ಪುಕ್ಕಟೆ. ಅಷ್ಟು ದಿನದ ಬಡ್ಡಿ ಪುಕ್ಕಟೆಯಲ್ಲ, ಸಣ್ಣ ವ್ಯಾಪಾರಿ ಸೋಲುವುದು ಇಲ್ಲೇ. ಸೌದೆ ಒಣಗುವ ತನಕ ಅವನೂ ಒಣಗಬೇಕು.

ಇದಕ್ಕೆ ಉಪಾಯ ಡಿಪೋವನ್ನು ಇಬ್ಭಾಗ ಮಾಡುವುದು. ಈ ಕಡೆ ಹಸಿ, ಅದರ ದರ. ಆ ಕಡೆ ಒಣ, ಅದರ ದರ. ನಡುವೆ ಬಡಿದು ನೋಡಲು ಎರಡೆರಡು ಸೀಳು. ಹಸಿಯ ದುಡ್ಡು ಒಣದ ಬಡ್ಡಿ ಕಟ್ಟುತ್ತದೆ. ಇಟ್ಟಿಗೆ ಗೂಡಿನವರು ಅಗ್ಗದ್ದನ್ನು ಒಯ್ಯಲಿ. ಅಡುಗೆ ಭಟ್ಟರು, ರೇಷ್ಮೆ ರೀಲರ್‌ಗಳು, ಬಿರಿಯಾನಿ ಹೋಟೆಲಿನವರು ಒಮ್ಮೆ ಠಣ್ ಎಂಬ ಸದ್ದು ಕೇಳಿದರೆ ಮತ್ತೆ ದಬ್ ಕಡೆ ತಿರುಗುವುದಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಬಿಸಿಲೂ ಇಲ್ಲ. ಆದರೆ ಶ್ರಾವಣದ ಮೊದಲ ಲಗ್ನಕ್ಕೆ ಊರಿನಲ್ಲಿ ಒಣ ಸೌದೆ ಯಾರ ಬಳಿ ಇದೆಯೋ ಅವನೇ ಆ ತಿಂಗಳ ಸಾಹುಕಾರ.

6. ಸಿದ್ಧಾಂತ

ಮೇಲಿನ ಚರ್ಚೆಯಿಂದ ಫಲಿತವಾದ ಸೂತ್ರ: ತೂಕ ಇಳಿದಷ್ಟೂ ಸರಕು ಏರುತ್ತದೆ. ಬೇರೆ ವ್ಯಾಪಾರಗಳಲ್ಲಿ ದಾಸ್ತಾನು ಕರಗಿದರೆ ಕಳ್ಳನನ್ನು ಹುಡುಕುತ್ತಾರೆ, ಇಲ್ಲಿ ಗಿರಾಕಿಯನ್ನು ಹುಡುಕಬೇಕು. ಸೂತ್ರವನ್ನು ಓದಿ ಹೇಳಿದಾಗ ಯಜಮಾನರು ತಲೆದೂಗಿ, 'ಸರಿ ಐತೆ, ಆದ್ರೆ ಬ್ಯಾಂಕ್ನೋರ್ಗೆ ಸ್ಟಾಕ್ ತೋರ್ಸೋವಾಗ ಹಸೀನೇ ಇರ್ಲಿ' ಎಂದರು. ಈ ತಿದ್ದುಪಡಿಯನ್ನು ಗೌರವಪೂರ್ವಕವಾಗಿ ಅಂಗೀಕರಿಸಲಾಗಿದೆ.

7. ಫಲಶ್ರುತಿ

ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದ ವ್ಯಾಪಾರಿಗೆ ತಗಡಿನ ಚಪ್ಪರವೂ, ಗಿರಾಕಿಗೆ ಹೊಗೆಯಿಲ್ಲದ ಹಂಡೆನೀರೂ, ಭಟ್ಟರಿಗೆ ಹೊತ್ತಿಗೆ ಸರಿಯಾಗಿ ಬೆಂದ ಅನ್ನವೂ ಲಭಿಸುತ್ತವೆ. ಓದದೆ ಕಿಲೋ ದರ ಮಾತ್ರ ವಿಚಾರಿಸಿದವರಿಗೆ ಊದುಗೊಳವೆ ಪ್ರಾಪ್ತಿ.