ಎಚ್-4 ಯಜಮಾನರು

ಇಪ್ಪತ್ತು ವರ್ಷದ ಹಿಂದೆ ನಮ್ಮ ಡಲ್ಲಾಸ್ ಕಡೆಯ ಕನ್ನಡದವರ ಮನೆಗೆ ಹೊಸ ಜೋಡಿ ಊಟಕ್ಕೆ ಬಂದರೆ ಯಾರನ್ನು ಏನು ಕೇಳಬೇಕು ಅನ್ನುವುದರಲ್ಲಿ ಗೊಂದಲವೇ ಇರಲಿಲ್ಲ. ಗಂಡನಿಗೆ 'ಯಾವ ಕಂಪನಿ?', ಹೆಂಡತಿಗೆ 'ಬೇಜಾರಾಗತ್ತಾ ಮರಿ?'. ಈಗ ಆ ಎರಡು ಪ್ರಶ್ನೆಗಳನ್ನು ಅದಲುಬದಲು ಮಾಡಿ ಕೇಳಬೇಕಾದ ಜೋಡಿಗಳು ಬರತೊಡಗಿವೆ. ಹೆಂಡತಿ ಇಲ್ಲೇ ಎಂಎಸ್ ಓದಿ, ಕೆಲಸ ಹಿಡಿದು, ಲಾಟರಿಯಲ್ಲಿ ಎಚ್-1ಬಿ ಗಿಟ್ಟಿಸಿ, ಮೂರು ವಾರ ರಜೆ ಹಾಕಿ ಹಾಸನಕ್ಕೆ ಹೋಗಿ ಮದುವೆಯಾಗಿ ಬಂದವಳು. ಆಕೆಯ ಹಿಂದೆ ಎರಡು ಸೂಟ್‌ಕೇಸು, ಒಂದು ಕುಕ್ಕರು, ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ಹೊತ್ತುಕೊಂಡು ಎಚ್-4 ವೀಸಾದಲ್ಲಿ ಬಂದಿಳಿದವರೇ ನಮ್ಮ ಯಜಮಾನರು. ಬಹುವಚನ ಬೇಕೆಂದೇ ಬಳಸಿದ್ದೇನೆ. ಸದ್ಯಕ್ಕೆ ಅವರ ಪಾಲಿಗೆ ಉಳಿದಿರುವ ಮರ್ಯಾದೆ ಅದೊಂದೇ.

ಊರಿನಲ್ಲಿದ್ದಾಗ ಯಜಮಾನರು ಸಾಮಾನ್ಯರಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟೀಮ್ ಲೀಡ್. ಒಂದು ಡಜನ್ ಹುಡುಗರು ಇವರ ಒಪ್ಪಿಗೆಯಿಲ್ಲದೆ ರಜೆ ಹಾಕುವಂತಿರಲಿಲ್ಲ. ವೀಸಾ ಸಂದರ್ಶನಕ್ಕೆ ಚೆನ್ನೈಗೆ ಹೋದಾಗ ಲಗ್ನಪತ್ರಿಕೆ, ಛತ್ರದ ರಸೀದಿ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರದ ಮದುವೆ ಆಲ್ಬಂ, ಎಲ್ಲವನ್ನೂ ಒಯ್ದಿದ್ದರು. ಅಧಿಕಾರಿ ಆಲ್ಬಂ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. 'ಅಲ್ಲಿ ಹೋಗಿ ಏನು ಮಾಡ್ತೀರಿ?' ಅಂದ. 'ಏನೂ ಮಾಡಲ್ಲ' ಅಂದರು. ಪಾಸಾದರು. ಏನೂ ಮಾಡುವುದಿಲ್ಲ ಅಂದದ್ದಕ್ಕೆ ಅವರನ್ನು ಯಾರಾದರೂ ಪಾಸು ಮಾಡಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ಕಾನೂನು ಇರುವುದೂ ಹಾಗೇ. ಎಚ್-4ನವರು ಓದಬಹುದು, ದೇವಸ್ಥಾನದಲ್ಲಿ ಪುಳಿಯೋಗರೆ ಬಡಿಸಬಹುದು, ಊರೆಲ್ಲ ಸುತ್ತಬಹುದು, ಸಂಬಳಕ್ಕೆ ಕೈಯೊಡ್ಡುವಂತಿಲ್ಲ. 2015ರ ಮೇ 26ರಿಂದ ಒಂದು ಕಿಂಡಿ ತೆರೆದಿದೆ. ಸಂಗಾತಿಯ ಗ್ರೀನ್ ಕಾರ್ಡಿನ ದಾರಿಯಲ್ಲಿ ಐ-140 ಎಂಬ ಅರ್ಜಿ ಮಂಜೂರಾಗಿದ್ದರೆ ಇವರೂ ಕೆಲಸದ ಪರವಾನಗಿ ಕೇಳಬಹುದು. ಯಜಮಾನತಿಯ ಕಂಪನಿ ಆ ಅರ್ಜಿಗೆ ಇನ್ನೂ ಕೈಯನ್ನೇ ಹಾಕಿಲ್ಲ. ಆದರೂ ಯಜಮಾನರು ಹಳೆಯ ಕಾಲದ ಅಜ್ಜಂದಿರು ಪಂಚಾಂಗ ನೋಡುತ್ತಿದ್ದ ಶ್ರದ್ಧೆಯಲ್ಲಿ ಪ್ರತಿ ತಿಂಗಳೂ ವೀಸಾ ಬುಲೆಟಿನ್ ಓದುತ್ತಾರೆ. ಭಾರತದವರ ಸಾಲು ಯಾವ ವರ್ಷಕ್ಕೆ ಬಂದು ನಿಂತಿದೆ, ಒಂದು ದೇಶಕ್ಕೆ 7 ಪರ್ಸೆಂಟಿನ ಮಿತಿ ಅಂದರೇನು ಎಂದು ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಾರೆ. ಕೆಲಸ ಇರುವವರಿಗೆ ಇದನ್ನೆಲ್ಲ ಓದಲು ಪುರುಸೊತ್ತು ಎಲ್ಲಿದೆ? ಹಾಗಾಗಿ ವೀಸಾ ವಿಷಯದಲ್ಲಿ ನಮ್ಮ ಕೂಟದ ದೊಡ್ಡ ತಜ್ಞರು, ಕೆಲಸ ಮಾಡುವಂತಿಲ್ಲದ ಈ ಯಜಮಾನರೇ.

ಮೊದಲ ತಿಂಗಳು ಅವರಿಗೂ ಅಡುಗೆಮನೆಗೂ ಸರಿಬರಲಿಲ್ಲ. ಜಗಳವಾಡಿದ್ದು ಒಲೆಯಲ್ಲ, ಚಾವಣಿಯಲ್ಲಿ ತಟ್ಟೆಯ ಹಾಗೆ ಅಂಟಿಕೊಂಡಿದ್ದ ಹೊಗೆ ಅಲಾರಂ. ಎಣ್ಣೆ ಕಾದು, ಸಾಸಿವೆ ಚಟಪಟ ಅಂದು, ಬ್ಯಾಡಗಿ ಮೆಣಸಿನಕಾಯಿ ಬಿದ್ದದ್ದೇ ತಡ, ಕಿವಿ ಹರಿದುಹೋಗುವ ಹಾಗೆ ಬಡಿದುಕೊಳ್ಳುತ್ತಿತ್ತು. ಒಳಕೋಣೆಯಲ್ಲಿ ಮೀಟಿಂಗಿನಲ್ಲಿದ್ದ ಹೆಂಡತಿ ಮೈಕು ಮುಚ್ಚಿ 'ಏನೋ ಅದು!' ಅಂತ ಕೂಗುವುದು. ಯಜಮಾನರು ಕೈಗೆ ಸಿಕ್ಕ ಬಟ್ಟೆ ಹಿಡಿದು ಕುರ್ಚಿ ಹತ್ತಿ ಬೀಸುವುದು. ಒಂದು ದಿನ ಹಾಗೆ ಕೈಗೆ ಸಿಕ್ಕಿದ್ದು ಧಾರೆಯ ದಿನ ಮಾವ ಹೊದಿಸಿದ್ದ ಜರಿಯಂಚಿನ ಶಲ್ಯ. ಅದರಷ್ಟು ಚೆನ್ನಾಗಿ ಗಾಳಿ ಬೀಸುವ ಬಟ್ಟೆ ಬೇರೆ ಇಲ್ಲ ಎಂದು ಗೊತ್ತಾದ ಮೇಲೆ ಶಲ್ಯಕ್ಕೆ ಒಲೆಯ ಪಕ್ಕದ ಮೊಳೆಯೇ ಕಾಯಂ ಸ್ಥಾನ. ಈಗ ಅವರದು ಪಳಗಿದ ಕೈ. ಮೊದಲು ಬಾಲ್ಕನಿ ಬಾಗಿಲು ತೆಗೆ, ಆಮೇಲೆ ಫ್ಯಾನು ಹಾಕು, ಇಂಗು ಮೊದಲು, ಮೆಣಸಿನಕಾಯಿ ಕೊನೆಗೆ, ಹಾಕಿದ ಕೂಡಲೇ ಸಾರಿಗೆ ಸುರಿ. ಇದನ್ನು ಹೊಸದಾಗಿ ಬಂದ ಇನ್ನಿಬ್ಬರು ಎಚ್-4 ಗಂಡಂದಿರಿಗೆ ಕೂರಿಸಿಕೊಂಡು ಪಾಠ ಹೇಳಿದ್ದಾರೆ. ಕರಿಬೇವಿನ ಬಗ್ಗೆಯೂ ಹೇಳುತ್ತಾರೆ: ಊರಿಂದ ಎಲೆ ತರಬೇಡಿ, ಕಿತ್ತಳೆ-ನಿಂಬೆ ಗಿಡಗಳ ರೋಗ ಹರಡುವ ಹುಳ ಅದರ ಮೇಲೂ ಬೆಳೆಯುತ್ತೆ ಅಂತ ಏರ್‌ಪೋರ್ಟಿನಲ್ಲೇ ಕಿತ್ತುಕೊಳ್ಳುತ್ತಾರೆ. ಇಂಥ ಉಪಯುಕ್ತ ಮಾತನ್ನು ನಮಗೆ ಆ ಕಾಲದಲ್ಲಿ ಯಾರೂ ಹೇಳಲಿಲ್ಲ.

ಪಾತ್ರೆ ತೊಳೆಯುವ ಮೆಷೀನು ಮನೆಯಲ್ಲಿದೆ. ಕೈಯಲ್ಲಿ ತೊಳೆದ ಪಾತ್ರೆಗಳನ್ನು ಅದರಲ್ಲಿ ಬೋರಲು ಹಾಕುತ್ತಾರೆ. ಇದು ಯಜಮಾನರ ತಪ್ಪಲ್ಲ, ನಾವೆಲ್ಲರೂ ಹಾಗೇ.

ಕಾರು ಇರುವುದು ಒಂದು, ಅದನ್ನು ಹೆಂಡತಿ ಆಫೀಸಿಗೆ ಒಯ್ಯುತ್ತಾಳೆ. ಒಂದು ಮಧ್ಯಾಹ್ನ ಕೊತ್ತಂಬರಿ ಸೊಪ್ಪು ತೀರಿತೆಂದು ಯಜಮಾನರು ನಡೆದೇ ಹೊರಟರು. ಟೆಕ್ಸಸ್ಸಿನ ಬಡಾವಣೆಗಳಲ್ಲಿ ನಡೆಯುವವರೆಂದರೆ ನಾಯಿ ಹಿಡಿದವರು, ಇಲ್ಲವೇ ಕಾರು ಕೆಟ್ಟವರು. ಇವರ ಹತ್ತಿರ ನಾಯಿ ಇರಲಿಲ್ಲ. ಕೈಚೀಲ ಹಿಡಿದು ಬಿಸಿಲಲ್ಲಿ ಹೋಗುತ್ತಿದ್ದವರನ್ನು ನೋಡಿ ಮೂರು ಕಾರುಗಳವರು ನಿಲ್ಲಿಸಿ ಏನಾಯಿತು, ಯಾರಿಗಾದರೂ ಫೋನ್ ಮಾಡಬೇಕಾ ಎಂದು ವಿಚಾರಿಸಿದರು. ಸಂಜೆ ಅಮ್ಮನಿಗೆ 'ಇವತ್ತು 104 ಇತ್ತಮ್ಮ' ಅಂದರು. ಹಾಸನದಲ್ಲಿ ಫ್ಯಾರನ್‌ಹೀಟು ಇರುವುದು ಥರ್ಮಾಮೀಟರಿನಲ್ಲಿ ಮಾತ್ರ. 'ಅಯ್ಯೋ ಪುಟ್ಟಾ, 104? ಡೋಲೋ ತಗೊಂಡ್ಯಾ? ತಣ್ಣೀರು ಬಟ್ಟೆ ಹಾಕೋಕೆ ಅವಳು ಮನೇಲಿದಾಳಾ?' ಎಂದು ಅಮ್ಮ ಅಳುವುದೊಂದು ಬಾಕಿ.

ಮೊದಲ ಬುಧವಾರದ ಕಥೆಯೂ ಹೀಗೇ. ಡಲ್ಲಾಸಿನಲ್ಲಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ 12ಕ್ಕೆ ಸುಂಟರಗಾಳಿಯ ಸೈರನ್ ಪರೀಕ್ಷೆ ಮಾಡುತ್ತಾರೆ. ಯಾರೂ ಹೇಳಿರಲಿಲ್ಲ. ಯಜಮಾನರು ಪಾಸ್‌ಪೋರ್ಟಿನ ಫೈಲು, ಮದುವೆ ಆಲ್ಬಂ ಎರಡನ್ನೂ ತಬ್ಬಿಕೊಂಡು ಬಾತ್‌ಟಬ್ಬಿನಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿ, ನಡುಗುವ ಗಂಟಲಲ್ಲಿ ಪ್ರೀತಿಯ ಮಾತಾಡಿದರಂತೆ. ಮದುವೆಯಾದ ಮೇಲೆ ಅಷ್ಟು ಚೆನ್ನಾಗಿ ಮಾತಾಡಿದ್ದು ಅದೇ ಮೊದಲು, ಟೆಸ್ಟು ಅಂತ ಹೇಳೋಕೆ ಮನಸ್ಸೇ ಬರಲಿಲ್ಲ ಎಂದು ಆಕೆ ನಮ್ಮ ಮನೆಯಲ್ಲಿ ಹೇಳಿದಳು.

ಹಣದ ವಿಷಯ ಸ್ವಲ್ಪ ನಾಜೂಕು. ಯಜಮಾನರ ಕಿಸೆಯಲ್ಲಿರುವುದು ಹೆಂಡತಿಯ ಖಾತೆಯ ಇನ್ನೊಂದು ಕಾರ್ಡು. ಎಲ್ಲಿ ಉಜ್ಜಿದರೂ ಆಕೆಯ ಫೋನು 'ಟಿಂಗ್' ಅನ್ನುತ್ತದೆ. ಇವರು ಅಂಗಡಿಯ ಬಾಗಿಲು ದಾಟುವ ಮೊದಲೇ 'ಮತ್ತೆ ಬದನೆಕಾಯಾ?' ಎಂದು ಮೆಸೇಜು. ಆಕೆಯ ಹುಟ್ಟಿದ ಹಬ್ಬ ಬಂತು. ಗುಟ್ಟಾಗಿ ಉಡುಗೊರೆ ತರಬೇಕು. ಎರಡು ದಿನ ಯೋಚಿಸಿದರೂ ಬೇರೆ ಉಪಾಯ ಹೊಳೆಯದೆ, ಕೊನೆಗೆ ಆಕೆಯ ಮುಂದೆಯೇ ನಿಂತು 'ನಲವತ್ತು ಡಾಲರ್ ಕ್ಯಾಶ್ ಕೊಡು, ಯಾಕೆ ಅಂತ ಕೇಳಬೇಡ' ಅಂದರು. ಆಕೆ ಅರವತ್ತು ಕೊಟ್ಟಳು. ಇದಕ್ಕಿಂತ ಸಂಸಾರ ಇನ್ನೇನು ಬೇಕು?

ಡ್ರೈವಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಗಾಯ ಇನ್ನೂ ಹಸಿಯಾಗಿದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಪಳಗಿದವರು ಸ್ಟಾಪ್ ಬೋರ್ಡಿನ ಮುಂದೆ ಸೋತರು. ಸುತ್ತ ಒಂದು ನರಪಿಳ್ಳೆ ಇಲ್ಲ, ಯಾರಿಗೋಸ್ಕರ ನಿಲ್ಲಬೇಕು ಅನ್ನುವುದು ಅವರ ವಾದ. ಇಂಡಿಕೇಟರ್ ಅಂದುಕೊಂಡು ವೈಪರ್ ಹಾಕುವುದಂತೂ ನಿಂತೇ ಇಲ್ಲ. ಬಿರುಬಿಸಿಲಿನಲ್ಲಿ ಗಾಜು ಒರೆಸಿಕೊಳ್ಳುತ್ತ ಎಡಕ್ಕೆ ತಿರುಗುವ ಕಾರು ಕಂಡರೆ ಒಳಗಿರುವವರು ನಮ್ಮವರೇ ಎಂದು ತಿಳಿಯಬಹುದು. ಅತ್ತೆ-ಮಾವನ ಮುಂದೆ 'ರೀ' ಅನ್ನುವ ಹೆಂಡತಿ ಕಲಿಸುವಾಗ ಪಕ್ಕದ ಸೀಟಿನಿಂದ 'ಲೋ, ಬ್ರೇಕೋ!' ಅಂದಳಂತೆ. ಅವತ್ತು ರಾತ್ರಿ ಇಬ್ಬರೂ ಬೇರೆಬೇರೆ ಮ್ಯಾಗಿ ಮಾಡಿಕೊಂಡರು.

ಇಷ್ಟೆಲ್ಲ ಆದರೂ ಹಾಸನದಲ್ಲಿ ಯಜಮಾನರ ಗೌರವಕ್ಕೆ ಕುಂದು ಬಂದಿರಲಿಲ್ಲ. ಅದಕ್ಕೆ ಕಾರಣ ವೇಳಾಪಟ್ಟಿ. ಅಮ್ಮ ಸೀರಿಯಲ್ ಮುಗಿಸಿ, ಊಟ ಮಾಡಿ, ರಾತ್ರಿ 9ಕ್ಕೆ ಸರಿಯಾಗಿ ವಿಡಿಯೊ ಕಾಲ್ ಮಾಡುತ್ತಾರೆ. ಇಲ್ಲಿ ಆಗ ಬೆಳಿಗ್ಗೆ 10.30. ಅಷ್ಟೊತ್ತಿಗೆ ಯಜಮಾನರು ತಿಂಡಿ ಮಾಡಿ, ಡಬ್ಬಿ ಕಟ್ಟಿ, ಪಾತ್ರೆ ತೊಳೆದು, ಸ್ನಾನ ಮುಗಿಸಿ, ಕಾಲರಿನ ಶರ್ಟು ಹಾಕಿ, ಕೆಳಗೆ ಚಡ್ಡಿಯಲ್ಲಿ, ಲ್ಯಾಪ್‌ಟಾಪಿನ ಮುಂದೆ ಗಂಭೀರವಾಗಿ ಕೂತಿರುತ್ತಿದ್ದರು. 'ನಮ್ಮ ಪುಟ್ಟ ಯಾವಾಗ ನೋಡಿದ್ರೂ ಕಂಪ್ಯೂಟರ್ ಮುಂದೇನೇ' ಎಂದು ಅಮ್ಮ ನೆಂಟರಿಗೆಲ್ಲ ಹೇಳಿದ್ದರು. ಅದು ಸುಳ್ಳೂ ಅಲ್ಲ.

ಕೆಡಿಸಿದ್ದು ಅಮೆರಿಕದ ಗಡಿಯಾರ. ನವೆಂಬರಿನ ಮೊದಲ ಭಾನುವಾರ ಇಲ್ಲಿ ಸಮಯವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹಾಸನದಲ್ಲಿ ಯಾರೂ ಏನೂ ತಿರುಗಿಸುವುದಿಲ್ಲ. ಸೋಮವಾರ ಅಮ್ಮನ ರಾತ್ರಿ 9ರ ಫೋನು ಇಲ್ಲಿ 9.30ಕ್ಕೇ ಬಂದು ಬಡಿಯಿತು. ಹೆಂಡತಿಯದಿರಬೇಕು ಎಂದು ಯಜಮಾನರು ಮಿಕ್ಸಿಗೆ ಒರಗಿಸಿದ್ದ ಫೋನನ್ನು ಮೊಣಕೈಯಲ್ಲಿ ಒತ್ತಿದರು. ಪರದೆಯಲ್ಲಿ ಅಮ್ಮ. ಅಮ್ಮನ ಪರದೆಯಲ್ಲಿ ಹೆಗಲಿಗೆ ಟವೆಲ್ಲು, ಕೈಯಲ್ಲಿ ಸ್ಟೀಲಿನ ಜುಂಗು, ಮೊಣಕೈವರೆಗೆ ನೊರೆ.

'ಅವಳೆಲ್ಲೋ?'

'ಆಫೀಸಿಗೆ ಹೋದಳಮ್ಮ.'

'ನೀನು?'

ಈ ಪ್ರಶ್ನೆಗೆ ಚೆನ್ನೈಯಲ್ಲಿ ಕೊಟ್ಟ ಉತ್ತರ ಇಲ್ಲಿ ನಡೆಯುವುದಿಲ್ಲ ಎಂದು ಯಜಮಾನರಿಗೆ ಗೊತ್ತಿತ್ತು. ಸುಮ್ಮನೆ ನಿಂತರು. ಅಮ್ಮ ಕನ್ನಡಕ ಸರಿಮಾಡಿಕೊಂಡು, ಫೋನು ಹತ್ತಿರ ತಂದುಕೊಂಡು, ಸಿಂಕನ್ನೇ ದಿಟ್ಟಿಸಿದರು. ಆಮೇಲೆ ಅಂದರು: 'ತಳ ಸರಿಯಾಗಿ ಉಜ್ಜೋ. ಹಾಲಿನ ಪಾತ್ರೆ ಅದು, ವಾಸನೆ ಉಳಿಯತ್ತೆ.'

ಮಾರನೆಯ ದಿನದಿಂದ ಅಪ್ಪ ಫೋನಿಗೆ ಬರುವುದು ಕಡಿಮೆಯಾಯಿತು. 'ನೋಡಿ, ನಿಮ್ಮ ಮಗನೇ ಪಾತ್ರೆ ತೊಳೀತಾನೆ' ಎಂಬ ಮಾತು ಆ ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಕೇಳಿಬರುತ್ತಿದೆಯಂತೆ.

ಅದೇ ತಿಂಗಳು ನಮ್ಮ ಕೂಟದ ರಾಜ್ಯೋತ್ಸವ. ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತರುವ ಏರ್ಪಾಡು. ಯಜಮಾನರು ಹಿಂದಿನ ರಾತ್ರಿಯೆಲ್ಲ ಕಣಕ ನಾದಿ, ಹೂರಣ ರುಬ್ಬಿ, ಬಾಳೆಲೆ ಸಿಗದೆ ಫಾಯಿಲಿನ ಮೇಲೆ ತಟ್ಟಿ, ಎಂಬತ್ತು ಒಬ್ಬಟ್ಟು ತಂದಿದ್ದರು. ಭುವನೇಶ್ವರಿಯ ಪಟಕ್ಕಿಂತ ಒಬ್ಬಟ್ಟಿನ ತಟ್ಟೆಗೇ ಫೋಟೊ ಜಾಸ್ತಿ. 'ಹುಡುಗ ಎಷ್ಟು ಚೆನ್ನಾಗಿ ಮಾಡಿದಾನೆ, ಪಾಪ!' ಎಂದು ಹೆಂಗಸರೆಲ್ಲ ಕರಗಿಹೋದರು. ಪಕ್ಕದಲ್ಲಿದ್ದ ಹೆಂಡತಿಯನ್ನು ಒಬ್ಬರು 'ನಿಂಗೇನೂ ಬರಲ್ವಾ?' ಅಂದರು. 'ಸಂಬಳ ಬರತ್ತೆ ಆಂಟಿ' ಅಂದಳು ಆಕೆ.

ಈ ಗದ್ದಲದಿಂದ ದೂರ ಕೂತು ಒಬ್ಬಟ್ಟನ್ನು ತುಪ್ಪದಲ್ಲಿ ಅದ್ದುತ್ತಿದ್ದ ಹಿರಿಯರೊಬ್ಬರು ಯಜಮಾನರನ್ನು ಹತ್ತಿರ ಕರೆದರು. ಎಚ್-1ಬಿ ಇನ್ನೂ ಹೊಸದಾಗಿದ್ದ ತೊಂಬತ್ತರ ದಶಕದಲ್ಲಿ ಎಚ್-4ನಲ್ಲೇ ಬಂದವರು, ಬರುವ ಮೊದಲು ಮೈಸೂರಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದವರು. 'ಚೆನ್ನಾಗಿದೆ ಕಣಪ್ಪ. ಕಣಕ ಇನ್ನೊಂದು ಗಂಟೆ ನೆನೀಬೇಕಿತ್ತು' ಅಂದರು. ಆಮೇಲೆ, 'ನಾನೂ ಮೂವತ್ತು ವರ್ಷ ಒಬ್ಬಟ್ಟು ಮಾಡಿದೀನಿ. ಒಬ್ರೂ ಫೋಟೊ ತೆಗೀಲಿಲ್ಲ' ಅಂದರು. ಯಜಮಾನರಿಗೆ ಏನು ಹೇಳಬೇಕೋ ತೋಚಲಿಲ್ಲ. ಇನ್ನೊಂದು ಒಬ್ಬಟ್ಟು ಬಡಿಸಿದರು. ಆ ಹಿರಿಯರ ಗಂಡ ನನ್ನ ಪಕ್ಕದಲ್ಲೇ ಕೂತಿದ್ದ. ತಟ್ಟೆಯಿಂದ ತಲೆ ಎತ್ತಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ನಾವು ನಾಲ್ಕು ಜನ ಹಳೆಯ ಗಂಡಸರು ಯಜಮಾನರನ್ನು ಕಾರಿಗೆ ಒರಗಿಸಿ ನಿಲ್ಲಿಸಿಕೊಂಡೆವು. ನಾಲ್ವರ ಮನೆಯಲ್ಲೂ ಅವತ್ತು ಸಂಜೆಯ ಕಾರ್ಯಕ್ರಮ ಏನೆಂದು ನಾಲ್ವರಿಗೂ ಗೊತ್ತಿತ್ತು. ನಮ್ಮ ಕೂಟದ ಮಾಜಿ ಅಧ್ಯಕ್ಷರು ಹೆಗಲ ಮೇಲೆ ಕೈ ಹಾಕಿ, ಬಹಳ ಪ್ರೀತಿಯಿಂದ ಹೇಳಿದರು: 'ನೋಡಪ್ಪ, ಯುಗಾದಿಗೆ ಅಂಗಡಿಯಿಂದ ಜಾಮೂನು ಡಬ್ಬ ತಂದುಬಿಡು. ದುಡ್ಡು ನಾವು ಕೊಡ್ತೀವಿ. ಕ್ಯಾಶ್ ಕೊಡ್ತೀವಿ.'