ಹಗ್ಗ ಅಡಿಯಲ್ಲಿದೆ

ಶಿಕಾರಿಪುರದಿಂದ ಸೊರಬ ದಾಟಿ, ಚಂದ್ರಗುತ್ತಿ ಕಡೆಯ ಮಣ್ಣುದಾರಿಗಳಲ್ಲಿ ಜೀಪು ಓಡಿಸುವ ಹುಚ್ಚು ನನಗೆ ಹತ್ತಿದ್ದು ಐವತ್ತು ದಾಟಿದ ಮೇಲೆ. ಎಳೆಯುವ ಹಗ್ಗ, ಕೊಕ್ಕೆ, ಸನಿಕೆ, ಜಾಕು, ಅದು ಹೂತುಹೋಗದಂತೆ ಅಡಿಗಿಡಲು ಹಲಗೆ, ಟೈರಿನ ಗಾಳಿ ನೋಡುವ ಗೇಜು ಎಲ್ಲ ತುಂಬಿದೆ. ಅದರ ಮೇಲೆ ಹೆಂಡತಿಯ ಸಾಮಾನು: ಮೊಸರನ್ನ, ಚಕ್ಕುಲಿ ಡಬ್ಬ, ಉಂಬಳ ಹತ್ತಿದರೆ ಇರಲಿ ಅಂತ ಸುಣ್ಣ, ರೇಣುಕಾಂಬೆಗೆ ಹಣ್ಣುಕಾಯಿ. ಕೊನೆಯದೊಂದೇ ಉಪಯೋಗಕ್ಕೆ ಬರುವುದು ಅಂತ ಅವಳ ನಂಬಿಕೆ.

ಕೆಸರಿನಲ್ಲಿ ಗಾಳಿ ಕಡಿಮೆಯಿದ್ದರೆ ಟೈರಿಗೆ ಹಿಡಿತ ಹೆಚ್ಚು ಅಂತ ಓದಿದ್ದೆ. ಗುಡವಿ ಪಕ್ಷಿಧಾಮದ ಆಸುಪಾಸಿನಲ್ಲಿ ಮಣ್ಣುದಾರಿ ಕಂಡದ್ದೇ ತಡ, 32 ಇದ್ದ ಗಾಳಿಯನ್ನು ಭಾರೀ ಗಾಂಭೀರ್ಯದಿಂದ 18ಕ್ಕೆ ಇಳಿಸಿದೆ. ಮತ್ತೆ ತುಂಬುವ ಪಂಪು ಮನೆಯ ಅಟ್ಟದ ಮೇಲಿತ್ತು. ಅದು ಆಮೇಲೆ ಹೊಳೆದ ವಿಷಯ.

ನೂರು ಮಾರು ಹೋಗುವಷ್ಟರಲ್ಲಿ ಜೀಪು ಗದ್ದೆಯ ಬದಿ ಎಮ್ಮೆಯ ಹಾಗೆ ಸುಖವಾಗಿ ಕೂತಿತು. ಹಗ್ಗ ತೀರಾ ಅಡಿಯಲ್ಲಿ. ಒಂದೊಂದೇ ಇಳಿಸಿ ದಾರಿ ತುಂಬ ಹರಡಿದಾಗ ಟ್ರ್ಯಾಕ್ಟರಿನಲ್ಲಿ ಬಂದ ರೈತರೊಬ್ಬರು ನಿಂತರು.

"ಅಂಗಡಿ ಹಾಕ್ತಿದೀರಾ ಸ್ವಾಮಿ? ಸಂತೆ ಇವತ್ತಲ್ಲ."

ತಮ್ಮದೇ ಹಗ್ಗ ಕಟ್ಟಿ ಒಂದೇ ಎಳೆತಕ್ಕೆ ಜೀಪು ಎಬ್ಬಿಸಿದರು. ದುಡ್ಡು ಬೇಡ ಅಂದರು. ಚಕ್ಕುಲಿ ಡಬ್ಬ ಮಾತ್ರ ಹಿಂದೆ ಬರಲಿಲ್ಲ.