ತೇಗದ ಸುಹೈಲಿ

ನಿನ್ನೆ ರಾತ್ರಿ ಗಾಳಿ ಬೀಸ್ತಿದ್ದಾಗ ಮತ್ತೆ ಸುಹೈಲಿ ನೆನಪಾಯ್ತು ನೋಡಿ. ರಾಬಿನ್ ನಾಕ್ಸ್-ಜಾನ್‌ಸ್ಟನ್ ಈ ಹಾಯಿದೋಣಿಯಲ್ಲಿ ಎಲ್ಲೂ ನಿಲ್ಲದೆ ಒಬ್ಬನೇ ಭೂಮಿ ಸುತ್ತಿ ಬಂದದ್ದು ಗೊತ್ತಿರೋದೇ. ನನಗೆ ಮಾತ್ರ ಆ ಮನುಷ್ಯನಿಗಿಂತ ದೋಣಿಯ ಮೇಲೇ ಮೋಹ. ಬರೀ 32 ಅಡಿ. ಹುಟ್ಟಿದ್ದು ಮುಂಬಯಿಯಲ್ಲಿ, ಗಟ್ಟಿ ತೇಗದಲ್ಲಿ. ಬಡಗಿಗಳು ಬಾಚಿಯಲ್ಲಿ ಕೆತ್ತಿ, ಬಿಲ್ಲಿನ ಬೈರಿಗೆಯಲ್ಲಿ ತೂತು ಕೊರೆದು ಕಟ್ಟಿದ್ದು. 1964ರಲ್ಲಿ ನೀರಿಗಿಳಿಸುವಾಗ ಮೂತಿಗೆ ತೆಂಗಿನಕಾಯಿ ಒಡೆದರಂತೆ. ಶಾಂಪೇನು ಗೀಂಪೇನು ಏನಿಲ್ಲ!

ಆಕಾರದ ಮೂಲ ನಾರ್ವೆಯ ಕಾಲಿನ್ ಆರ್ಚರನ ರಕ್ಷಣಾ ದೋಣಿಗಳದ್ದು. ಹಿಂದೆ ಮುಂದೆ ಎರಡೂ ಕಡೆ ಚೂಪು, ಬಸುರಿ ಎಮ್ಮೆಯಂಥ ಹೊಟ್ಟೆ, ಅಡಿಯಲ್ಲಿ ಉದ್ದಕ್ಕೂ ಓಡುವ ಭಾರದ ಕೀಲ್. ಅದರ ತುದಿಗೇ ಚುಕ್ಕಾಣಿ. ನಿಧಾನ, ನಿಜ. ಆದರೆ ಹಿಡಿದ ದಾರಿ ಬಿಡೋದಿಲ್ಲ. ತಾನಾಗಿ ದಿಕ್ಕು ಹಿಡಿಯುವ ಯಂತ್ರ ನಡುದಾರಿಯಲ್ಲಿ ಕೈಕೊಟ್ಟ ಮೇಲೂ, ಹಾಯಿಗಳನ್ನು ಹದವಾಗಿ ಕಟ್ಟಿಟ್ಟರೆ ಸುಹೈಲಿ ತನ್ನಷ್ಟಕ್ಕೆ ಹೋಗ್ತಿತ್ತು. ಮನೆದಾರಿ ಗೊತ್ತಿರೋ ಎತ್ತಿನ ಹಾಗೆ, ಅಲ್ವಾ?

ನನಗೆ ತುಂಬ ಇಷ್ಟವಾದ್ದು ಸೋರಿಕೆಯ ಪ್ರಸಂಗ. ಹೊರಟು ಇನ್ನೂ ಅಟ್ಲಾಂಟಿಕ್ಕಿನಲ್ಲೇ, ಕೀಲ್ ಪಕ್ಕದ ಸಂದಿನಲ್ಲಿ ನೀರು ಜಿನುಗೋಕೆ ಶುರು. ಪುಣ್ಯಾತ್ಮ ನಡುಸಮುದ್ರದಲ್ಲಿ ಮುಳುಗು ಹಾಕಿದ. ಬಿಳೀ ಮೈ ಕಂಡು ಶಾರ್ಕ್ ಬಂದೀತು ಅಂತ ನೀಲಿ ಅಂಗಿ, ಜೀನ್ಸ್ ಬೇರೆ ತೊಟ್ಟುಕೊಂಡು! ಉಸಿರು ಬಿಗಿಹಿಡಿದು ಸಂದಿಗೆ ಹತ್ತಿ ತುರುಕಿ, ಕ್ಯಾನ್ವಾಸ್ ಹೊದಿಸಿ, ಮೇಲೊಂದು ತಾಮ್ರದ ತಗಡು ಬಡಿದ.

ಗಂಗೊಳ್ಳಿಯಲ್ಲಿ ನಮ್ಮಜ್ಜ ಮಳೆಗಾಲಕ್ಕೆ ದೋಣಿ ದಡಕ್ಕೆಳೆದು ಹೀಗೇ ಸಂದಿಗೆ ಹತ್ತಿ ತುರುಕಿ, ಮೀನೆಣ್ಣೆ ಬಳೀತಿದ್ದ. ಆ ವಾಸನೆಗೆ ಅಜ್ಜಿ ಅವನನ್ನು ಜಗಲಿ ದಾಟೋಕೆ ಬಿಡ್ತಿರಲಿಲ್ಲ. ನಾನು ಮಾತ್ರ ಪಕ್ಕದಲ್ಲೇ ಎಣ್ಣೆ ಡಬ್ಬಿ ಹಿಡ್ಕೊಂಡು ಕೂತಿರ್ತಿದ್ದೆ...

ಎಲ್ಲಿದ್ದೆ? ಹಾಂ, 1968ರ ಜೂನಿನಲ್ಲಿ ಇಂಗ್ಲೆಂಡಿನ ಫಾಲ್‌ಮತ್ ಬಿಟ್ಟದ್ದು. ಒಬ್ಬರೇ ನಿಲ್ಲದೆ ಭೂಮಿ ಸುತ್ತುವ ಪಂದ್ಯ ಅದು, ಹೊರಟವರು ಒಟ್ಟು ಒಂಬತ್ತು ಜನ. 312 ದಿನ ಕಳೆದು, ತುಕ್ಕು ಉಪ್ಪು ಮೆತ್ತಿಕೊಂಡು, ಊರು ಸೇರಿದ್ದು ಸುಹೈಲಿ ಒಂದೇ. ಅದೇ ಪಂದ್ಯದಲ್ಲಿದ್ದ ನೈಜೆಲ್ ಟೆಟ್ಲಿಯ ಮೂರೊಡಲಿನ ಹಗುರ ದೋಣಿ ಇನ್ನೇನು ಮನೆ ಬಂತು ಅನ್ನೋವಾಗ ಒಡೆದು ಮುಳುಗಿತು. ಪಾಪ, ನೆನೆಸಿಕೊಂಡರೆ ಹೊಟ್ಟೆ ಚುರುಕ್ಕೆನ್ನುತ್ತೆ.

ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ 2018ರಲ್ಲಿ ಅಂಥದ್ದೇ ಪಂದ್ಯಕ್ಕೆ ಹೋದದ್ದೂ ಸುಹೈಲಿಯದೇ ಪಡಿಯಚ್ಚಿನಲ್ಲಿ, ಗೋವಾದಲ್ಲಿ ಕಟ್ಟಿದ ತುರಿಯಾದಲ್ಲಿ. ಬಿರುಗಾಳಿಗೆ ಪಟಸ್ತಂಭ ಮುರಿದು, ಬೆನ್ನುಮೂಳೆಗೂ ಪೆಟ್ಟಾಯ್ತು. ಆದರೂ 2023ರಲ್ಲಿ ಇನ್ನೊಂದು ಉದ್ದ ಕೀಲಿನ ದೋಣಿಯಲ್ಲಿ ಸುತ್ತು ಮುಗಿಸಿ ಎರಡನೆಯವನಾಗಿ ಬಂದ. ಎದೆಗಾರಿಕೆ ಅಂದ್ರೆ ಅದು, ಅಲ್ವಾ?

ಸುಹೈಲಿ ಈಗಲೂ ಇದೆ. ತೇಗ ಗಟ್ಟಿಯಾಗೇ ಇತ್ತಂತೆ, ಸವೆದದ್ದು ಕಬ್ಬಿಣದ ಮೊಳೆಗಳು. ಎಪ್ಪತ್ತು ದಾಟಿದ ಮೇಲೆ ನಾಕ್ಸ್-ಜಾನ್‌ಸ್ಟನ್ ತಾನೇ ಕೂತು ಅವನ್ನೆಲ್ಲ ಕಿತ್ತು ಕಂಚಿನವು ಹಾಕಿದ. ಪಕ್ಕದಲ್ಲಿ ಡಬ್ಬಿ ಹಿಡ್ಕೊಳ್ಳೋಕೆ ನಾನಿರಬೇಕಿತ್ತು ನೋಡಿ.